ಹಗ್ಗ ಹಿಡಿದವಳು

ಜೂನ್ 11, ಬುಧವಾರ. ಬೆಳಿಗ್ಗೆ 10.20

ನಾಲ್ಕನೇ ಡಬ್ಬಿ. ಒಂದು ಸ್ಲೈಡ್ ಸ್ಕ್ಯಾನ್ ಆಗೋದಕ್ಕೆ ಏಳು ನಿಮಿಷ. ಏಳು ನಿಮಿಷ ಸುಮ್ಮನೆ ಕೂರೋದು ನನ್ನ ಕೈಲಿ ಆಗೋದಲ್ಲ. ಎದ್ದು ಗ್ಯಾಸ್ ಕಟ್ಟೆ ಒರೆಸಿದೆ. ಬಂದು ನೋಡಿದರೆ ನಲವತ್ತು ಪರ್ಸೆಂಟ್. ಕಿಟಕಿ ತೆಗೆದೆ, ಮಳೆಯ ಎರಚಲು ಒಳಗೆ ಬಂತು, ಮುಚ್ಚಿದೆ. ಕಾಳಿ ನದಿ ಕಾಣಿಸೋದೇ ಇಲ್ಲ. ಬರೀ ಬಿಳಿ.

ಮಳೆಗಾಲ. ಮದುವೆ ಇಲ್ಲ, ಆಲ್ಬಂ ಇಲ್ಲ. ಹದಿನಾಲ್ಕು ವರ್ಷ ಫೋಟೋದಲ್ಲಿ ಮದುಮಕ್ಕಳ ಮೊಡವೆ ಒರೆಸಿದ ಕೈ — ಖಾಲಿ ಕೂತರೆ ಮೈಯೆಲ್ಲ ಇರುವೆ ಹರಿದ ಹಾಗೆ. ಅದಕ್ಕೇ ಅಪ್ಪನ ಹಳೇ ಫೋಟೋ ಸ್ಲೈಡು ತೆಗೆದದ್ದು. ಅಪ್ಪ ಹೋಗಿ ವರ್ಷವಾಯಿತು. ಡಬ್ಬಿಗಳು ಹನ್ನೊಂದು. ಮುಕ್ಕಾಲು ಪಾಲು ಏಡಿ, ಚಿಪ್ಪು, ನಕ್ಷತ್ರಮೀನು. ಅಪ್ಪ ಕಾಲೇಜಿನಲ್ಲಿ ಕಲಿಸುತ್ತಿದ್ದ ಜುವಾಲಜಿ ಪಾಠಕ್ಕೆ ತೆಗೆದದ್ದು. ಮನುಷ್ಯರು ಇರೋದು ಬಹಳ ಕಡಿಮೆ. ನಾನಂತೂ ಎರಡರಲ್ಲಿ.

ಆಗ ಸಿಗುತ್ತಿದ್ದ ಪೂರ್ವ ಜರ್ಮನಿಯ ಫಿಲ್ಮು. ಆಕಾಶ ಅಂದರೆ ರವೆ ಚೆಲ್ಲಿದ ಹಾಗೆ. ಆ ರವೆ, ಅಂದರೆ ಗ್ರೇನ್, ತೆಗೆಯೋದಕ್ಕೇ ಹೊಸ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ. ಸ್ಕ್ರೀನ್ ಮೇಲೆ ಒಂದು ಗೀಟು, ಗೀಟಿನ ಮೇಲೊಂದು ಗುಂಡಿ. ಎಡತುದಿಗೆ ಸೊನ್ನೆ, ಬಲತುದಿಗೆ ನೂರು. ಬಲಕ್ಕೆ ಎಳೆದರೆ ರವೆ ಕರಗಿ ಆಕಾಶ ಆಕಾಶವಾಗುತ್ತದೆ. ಇದು ಮಾತ್ರ ಮನಸ್ಸಿಗೆ ಹಿತ.

ಜೂನ್ 13. ಮಧ್ಯಾಹ್ನ 3

ಇವತ್ತು ಒಂದು ಒಳ್ಳೇದು ಸಿಕ್ಕಿತು. ರಟ್ಟಿನ ಚೌಕಟ್ಟಿನ ಮೇಲೆ ಅಪ್ಪನ ಅಕ್ಷರ — ‘ಕೇಣಿ. ರಂಪಣಿ. 11-1-82’. ಅಂಕೋಲೆಯ ಕೇಣಿ ಸಮುದ್ರದಂಡೆ. ರಂಪಣಿಯ ದೊಡ್ಡ ಬಲೆಯ ಹಗ್ಗ ಹಿಡಿದು ಊರೇ ಎಳೆಯುತ್ತಿದೆ. ಗಂಡಸರು, ಹೆಂಗಸರು, ಇಪ್ಪತ್ತಕ್ಕೂ ಹೆಚ್ಚು ಜನ. ನಡುವೆ ಒಬ್ಬಳು ಹುಡುಗಿ, ಎರಡೂ ಕೈ ಹಗ್ಗಕ್ಕೆ, ಮುಖ ಕ್ಯಾಮೆರಾದ ಕಡೆ. ನಗುತ್ತಿದ್ದಾಳೆ ಅನಿಸುತ್ತದೆ. ಗ್ರೇನಿನಲ್ಲಿ ಸರಿ ಗೊತ್ತಾಗೋದಿಲ್ಲ.

ಸ್ಟೇಟಸ್‌ಗೆ ಹಾಕಿದೆ.

ಜೂನ್ 14, ಶನಿವಾರ. ಬೆಳಿಗ್ಗೆ 8

ಎದ್ದ ಕೂಡಲೇ ಸಂಕೇತನ ಫೋನು. ಕೇಣಿಯವನು, ಹರಿಕಂತ್ರರ ಹುಡುಗ, ಮದುವೆ ಫೋಟೋ ತೆಗೆಯುವವ. ಅವನ ಆಲ್ಬಮ್ಮೆಲ್ಲ ನಾನೇ ಮಾಡೋದು. “ಅಕ್ಕಾ, ಅದರಲ್ಲಿ ಇರೂದು ನಮ್ಮ ಅಜ್ಜಿ” ಅಂದ. ಹುಡುಗಿಯ ಪಕ್ಕದಲ್ಲಿ ಮೂಗುಬೊಟ್ಟಿನ ಹೆಂಗಸು ಇದ್ದಾಳಲ್ಲ, ಅವಳು ಹೊನ್ನಮ್ಮ, ಅವನ ತಾಯಿಯ ತಾಯಿ. ಈಗ ಎಂಬತ್ನಾಲ್ಕು.

ಹುಡುಗಿ ಅವನ ದೊಡ್ಡಮ್ಮ. ತಾಯಿಯ ಅಕ್ಕ. ಶೇವಂತಿ. ಇಪ್ಪತ್ತೆರಡಕ್ಕೆ ಕಾಮಾಲೆ ಆಗಿ ಹೋದಳಂತೆ. ಸಂಕೇತ ನೋಡಿದ್ದಿಲ್ಲ. ಯಾರ ಹತ್ತಿರವೂ ಅವಳ ಒಂದು ಫೋಟೋ ಇಲ್ಲ. ಗೋಡೆಯ ಮೇಲೆ ಎಲ್ಲರೂ ಇದ್ದಾರೆ, ಅವಳಿಲ್ಲ. ಅಜ್ಜಿಗೆ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದೂ ಹೆಚ್ಚು ದಿನ ಇರೋದಿಲ್ಲ ಅಂದಿದ್ದಾರೆ ಡಾಕ್ಟರು. ಅದರೊಳಗೆ ಶೇವಂತಿಯ ಮುಖ ಒಂದೇ ದೊಡ್ಡದು ಮಾಡಿ ಕೊಡಬೇಕು.

ಕೊಡ್ತೇನೆ ಅಂದೆ. ನಾಲ್ಕು ದಿನದೊಳಗೆ ಅಂದೆ. ಯಾಕೆ ಹಾಗಂದೆನೋ.

ಜೂನ್ 18. ಸಂಜೆ 5

ಇಡೀ ಸ್ಲೈಡಿನಲ್ಲಿ ಅವಳ ಮುಖ ಸಾಸಿವೆಯಷ್ಟು. ಎನ್‌ಲಾರ್ಜ್ ಮಾಡಿದರೆ ಬರೀ ಚುಕ್ಕೆ. ನಾಲ್ಕು ಸಲ ಸ್ಕ್ಯಾನ್ ಮಾಡಿ ನಾಲ್ಕನ್ನೂ ಸೇರಿಸಿ ಸರಾಸರಿ ತೆಗೆದೆ. ಸ್ಕ್ಯಾನರಿನ ನಾಯ್ಸ್ ಹೋಯಿತು. ಗ್ರೇನ್ ಹಾಗೇ ಕೂತಿದೆ. ಹೋಗೋದಾದರೂ ಹೇಗೆ, ಅದಿರೋದು ಫಿಲ್ಮಿನಲ್ಲೇ. ಚಿತ್ರ ಆಗಿರೋದೇ ಅದರಿಂದ.

ಗುಂಡಿ ಮೂವತ್ತಕ್ಕೆ ಎಳೆದೆ — ಸಾಲದು. ಐವತ್ತು. ಎಪ್ಪತ್ತು. ಎಪ್ಪತ್ತಕ್ಕೆ ಮುಖ ಬಂತು! ಕೆನ್ನೆ, ಹುಬ್ಬು, ಕಣ್ಣಿನಲ್ಲಿ ಬೆಳಕು. ಒಂದು ಹುಡುಗಿ. ಚೆಂದದ ಹುಡುಗಿ.

ಮೇಲ್ತುಟಿಯ ಮೇಲೆ ಒಂದು ಕಪ್ಪು ಗೀರು ಉಳಿದಿತ್ತು. ಮೊಡವೆ ಒರೆಸೋ ಅದೇ ಹೀಲಿಂಗ್ ಬ್ರಷ್. ಹೋಯಿತು.

ನನ್ನ ಗಂಡ ಭಾಸ್ಕರ ಗೋವಾದಿಂದ ಡ್ಯೂಟಿ ಮುಗಿಸಿ ಬಂದವನು ಹಿಂದೆ ನಿಂತು ನೋಡಿದ. ಸಿನಿಮಾದವರ ಹಾಗೆ ಇದ್ದಾಳಲ್ಲ ಅಂದ. ಕಾಫಿ ಕುಡಿದು ಬಹಳ ದಿನಕ್ಕೆ ಕೂತಲ್ಲೇ ಕೂತೆ.

ಜೂನ್ 22, ಭಾನುವಾರ. ಸಂಜೆ 6.30

ಬರೆಯಬೇಕು. ಬರೆಯದಿದ್ದರೆ ಆಗೋದಿಲ್ಲ.

ಬೆಳಿಗ್ಗೆ ಫ್ರೇಮ್ ಹಾಕಿಸಿದ ಫೋಟೋ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಕೋಲೆ ಬಸ್ಸು ಹತ್ತಿದೆ. ಸಂಕೇತ ಬೈಕು ತಂದಿದ್ದ. ಮೀನುಗಾರಿಕೆ ಬಂದ್, ಬೋಟುಗಳೆಲ್ಲ ತಾಡಪಾಲು ಹೊದ್ದು ಮಲಗಿವೆ. ಮನೆಯೊಳಗೆ ಒಣಮೀನಿನ ವಾಸನೆ.

ಹೊನ್ನಮ್ಮಜ್ಜಿ ಫ್ರೇಮನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದಳು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿದು, ಒಂದು ಕಡೆಯಿಂದ, ಇನ್ನೊಂದು ಕಡೆಯಿಂದ ನೋಡಿದಳು. ಬಹಳ ಹೊತ್ತು. ಆಮೇಲೆ ಹೇಳಿದಳು —

“ಕೂಡ್ಕಂಡೇ ಅದೆ. ತುಟಿ ಕೂಡ್ಕಂಡೇ ಅದೆ.”

ನನಗೆ ಅರ್ಥವಾಗಲಿಲ್ಲ. ವಯಸ್ಸಾದವರು, ಏನೋ ಅಂತಾರೆ ಅಂದುಕೊಂಡೆ.

“ನಾನೇ ದೊಡ್ಡದು ಮಾಡ್ಕಂಡಿದ್ದೆ ಕಾಣ್ತದೆ. ಇಷ್ಟೇ ಇದ್ದದ್ದು. ಅಲ್ಲಾ ತಂಗೀ?”

ಹೌದಜ್ಜಿ ಅಂದೆ. ಅಂದುಬಿಟ್ಟೆ. ಅಜ್ಜಿ ಕಣ್ಣೊರೆಸಿಕೊಂಡು ನನ್ನ ಗಲ್ಲ ಸವರಿದಳು. ಸಂಕೇತ ಮೊಳೆ ಹೊಡೆದು ಫೋಟೋ ತೂಗುಹಾಕಿದ. ಅಜ್ಜಿ ಊದುಬತ್ತಿ ಹಚ್ಚಿದಳು.

ಅಷ್ಟರಲ್ಲಿ ದುರ್ಗಕ್ಕ ಬಂದರು. ಸಂಕೇತನ ತಾಯಿ. ಒಣಮೀನಿನ ಬುಟ್ಟಿ ಇಳಿಸಿದವರು ಗೋಡೆ ನೋಡಿ ಹಾಗೇ ನಿಂತರು. ನನಗೆ ಚಾ ಕೊಟ್ಟರು. ನಾನು ಹೊರಟಾಗ ಬಾವಿಕಟ್ಟೆಯವರೆಗೆ ಬಂದರು.

“ಅದು ಯಾರು ತಂಗೀ?”

ನಿಮ್ಮ ಅಕ್ಕ ಅಲ್ಲವಾ ಅಂದೆ.

“ನಮ್ಮಕ್ಕನಿಗೆ ಮೇಲ್ತುಟಿ ಸೀಳಿತ್ತು. ಇಲ್ಲಿಂದ ಮೂಗಿನ ತನಕ. ಹುಟ್ಟಿದಾಗಿಂದ.” ತಮ್ಮ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. “ಯಾರಾದ್ರೂ ಬಂದ್ರೆ ಸೆರಗು ಬಾಯಿಗೆ ಹೋಗೂದು. ಸಾಯೋ ತನಕ ಹಾಗೇ.”

ಬಸ್ಸಿನಲ್ಲಿ ಸೀಟು ಖಾಲಿ ಇತ್ತು. ಕಾರವಾರದ ತನಕ ನಿಂತೇ ಬಂದೆ.

ಅದೇ ದಿನ. 7.15

ಒರಿಜಿನಲ್ ಸ್ಕ್ಯಾನ್ ತೆಗೆದು ನೋಡಿದೆ. ಇದೆ. ಗ್ರೇನಿನ ನಡುವೆ, ತುಟಿಯಿಂದ ಮೇಲಕ್ಕೆ, ಸ್ವಲ್ಪ ಎಡಕ್ಕೆ ವಾಲಿ. ಗ್ರೇನಿಗೆ ಆಕಾರ ಇರೋದಿಲ್ಲ. ಇದಕ್ಕಿತ್ತು. ಒಳಗೆ ಹಲ್ಲಿನ ಬಿಳುಪು ಕೂಡ.

ಸಾಫ್ಟ್‌ವೇರ್ ಅರ್ಧ ಮುಚ್ಚಿತ್ತು. ಉಳಿದದ್ದು ನಾನು. ಮಾಡಿದ ಕೆಲಸದ ಹಿಸ್ಟರಿಯಲ್ಲಿ ಹಾಗೇ ಇದೆ — ಹೀಲಿಂಗ್ ಬ್ರಷ್. ಹೀಲಿಂಗ್ ಬ್ರಷ್. ಎರಡು ಸಲ. ಯೋಚನೆ ಕೂಡ ಮಾಡಿರಲಿಲ್ಲ.

ಜೂನ್ 25

ಸಂಕೇತನಿಗೆ ಹೇಳಿದೆ. ಅವನಿಗೆ ಅವನ ತಾಯಿ ಆಗಲೇ ಹೇಳಿದ್ದಾರೆ. ಇರಲಿ ಬಿಡಿ ಅಕ್ಕಾ ಅಂದ. ಅಜ್ಜಿ ದಿನಾ ಬೆಳಿಗ್ಗೆ ಅದರ ಮುಂದೆ ಕೂರ್ತಾಳೆ, ಊಟ ಸರಿ ಮಾಡ್ತಿದ್ದಾಳೆ, ಈಗ ಅದನ್ನೆಲ್ಲ ಎತ್ತೋದು ಯಾಕೆ ಅಂದ. ಅವನ ಮಾತಿನಲ್ಲೂ ಅರ್ಥ ಇದೆ.

ಇವತ್ತು ಒಂದೂ ಸ್ಲೈಡು ಸ್ಕ್ಯಾನ್ ಮಾಡಲಿಲ್ಲ. ಕಪಾಟು ತೊಳೆದೆ. ಭಾಸ್ಕರನ ಶರ್ಟಿನ ಗುಂಡಿಗಳನ್ನೆಲ್ಲ ಗಟ್ಟಿ ಮಾಡಿದೆ, ಸಡಿಲ ಇಲ್ಲದ್ದನ್ನೂ.

ಜುಲೈ 2, ಬುಧವಾರ. ಮಧ್ಯಾಹ್ನ 2.40

ದುರ್ಗಕ್ಕ ಬಂದಿದ್ದರು. ಹೇಳದೆ ಕೇಳದೆ. ಕಾರವಾರ ಪೇಟೆಗೆ ಒಣ ಬಂಗಡೆ ಕೊಡೋದಕ್ಕೆ ಬಂದವರು ನಮ್ಮ ಕೋಡಿಬಾಗದ ದಾರಿ ಕೇಳಿಕೊಂಡು ಮನೆ ಹುಡುಕಿದ್ದಾರೆ. ಬುಟ್ಟಿ ಹೊರಗಿಟ್ಟು, ಕಾಲು ತೊಳೆದು, ಒಳಗೆ ಬಂದು, “ನಮ್ಮ ಅಕ್ಕನ್ನ ತೋರ್ಸು” ಅಂದರು.

ಕುರ್ಚಿ ಹಾಕಿ ಪಕ್ಕದಲ್ಲಿ ಕೂರಿಸಿದೆ. ಸೊನ್ನೆಯಿಂದ ಶುರು. ಬರೀ ಚುಕ್ಕೆ. ಏನೂ ಕಾಣೂದಿಲ್ಲ ಅಂದರು. ಗುಂಡಿಯನ್ನು ಮೆಲ್ಲಗೆ ಬಲಕ್ಕೆ ತಂದೆ. ಹತ್ತು. ಹದಿನೈದು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಅನ್ನುತ್ತಿದ್ದವರು ಒಮ್ಮೆಲೇ ನನ್ನ ಕೈ ಹಿಡಿದರು.

“ನಿಲ್ಸು. ಬಂದ್ಳು.”

ಇಪ್ಪತ್ತೆರಡು. ನನ್ನ ಲೆಕ್ಕದಲ್ಲಿ ಅದು ಇನ್ನೂ ಫೋಟೋನೇ ಅಲ್ಲ. ಕೆನ್ನೆ ತುಂಬ ರವೆ. ಆದರೆ ತುಟಿ ಇತ್ತು, ಸೀಳು ಇತ್ತು, ಸೀಳಿನೊಳಗಿಂದ ಹಲ್ಲು. ಬಾಯಿ ತುಂಬ ನಗುತ್ತಿದ್ದಳು. ಎಪ್ಪತ್ತರಲ್ಲಿ ಆ ನಗುವೂ ಹೋಗಿತ್ತು. ಅಲ್ಲಿ ಇದ್ದದ್ದು ಮುಗುಳ್ನಗೆ. ಅದು ನನಗೆ ಗೊತ್ತೇ ಆಗಿರಲಿಲ್ಲ.

ದುರ್ಗಕ್ಕ ಕುರ್ಚಿಯನ್ನು ಸ್ಕ್ರೀನಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಇಡೀ ಚಿತ್ರ ತೋರ್ಸು ಅಂದರು. ಕೆಳಗಿನ ಮೂಲೆಯಲ್ಲಿ ಏನೋ ಕಂದು ತುಂಡು, ನಾನು ಕಟ್ಟಿಗೆ ಅಂದುಕೊಂಡದ್ದು — ಅದು ತಮ್ಮ ಕಾಲು ಅಂದರು. ಒದ್ದೆ ಹಗ್ಗ ಜಾರಿ ಮಳಲಲ್ಲಿ ಅಂಗಾತ ಬಿದ್ದಿದ್ದರಂತೆ. ಅಕ್ಕ ನಕ್ಕದ್ದು ಅದಕ್ಕೆ. ಹಗ್ಗ ಬಿಡೋ ಹಾಗಿಲ್ಲ, ಎರಡೂ ಕೈ ಕೆಲಸದಲ್ಲಿ, ಬಾಯಿ ಮುಚ್ಚಿಕೊಳ್ಳೋದಕ್ಕೆ ಕೈಯೇ ಇರಲಿಲ್ಲ. ಮಾಸ್ತರು ಆಗಲೇ ತೆಗೆದಿರಬೇಕು.

ಮಾಸ್ತರು ಅಂದರೆ ಅಪ್ಪ. ಏಡಿ ತೆಗೆಯೋದಕ್ಕೆ ಹೋಗಿದ್ದ ಅಪ್ಪ.

ಚಾ ಕುಡಿಯುತ್ತ ಉಳಿದದ್ದು ಹೇಳಿದರು. ಮರುವರ್ಷ ದುರ್ಗಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದರು. ಅಕ್ಕನಿಗಿಂತ ಮೊದಲೇ ತಂಗಿಗೆ. ಮನೆಯಲ್ಲಿ ಹೀಗೆ ಒಬ್ಬಳಿದ್ದಾಳೆ ಅಂತ ಗೊತ್ತಾದರೆ, ಹುಟ್ಟೋ ಮಕ್ಕಳಿಗೂ ಬರುತ್ತದೆ ಅಂದಾರು ಅಂತ ಶೇವಂತಿಯನ್ನು ಹಿಂದಿನ ಬಲೆಮನೆಯಲ್ಲಿ ಕೂರಿಸಿ ಹೊರಗಿಂದ ಚಿಲಕ ಹಾಕಿದರು. ಚಿಲಕ ಹಾಕಿದ್ದು ದುರ್ಗಕ್ಕನೇ. ಮದುವೆ ದಿನವೂ ಹಾಗೇ. ಅದಕ್ಕೇ ಆ ಮದುವೆಯ ಒಂದು ಫೋಟೋದಲ್ಲೂ ಅವಳಿಲ್ಲ.

“ಅವಳೇ ಒಳಗೆ ಹೋದ್ಳು. ಬಾಗ್ಲು ಹಾಕು ಅಂದ್ಳು. ನಾನು ಹಾಕ್ದೆ.” ಸ್ಕ್ರೀನಿನ ಕಡೆ ನೋಡುತ್ತಲೇ ಅಂದರು, “ಒಂದು ಸಲ ನಾನು ಮುಚ್ಚಿಟ್ಟೆ. ಈಗ ನೀನು. ಸಾಕು ತಂಗೀ.”

ಅವ್ವನಿಗೆ ನೀನೇ ಹೇಳಬೇಕು ಅಂದರು. ತಾನು ಹೇಳಿದರೆ ಹೊಟ್ಟೆಕಿಚ್ಚು ಅಂತಾಳಂತೆ. ಅಜ್ಜಿಯ ತಲೆಯಲ್ಲಿ ಇರೋದು ಇಷ್ಟು — ಬಸುರಿಯಾಗಿದ್ದಾಗ ಗ್ರಹಣದ ದಿನ ಮೀನು ಕೊಯ್ದೆ, ಅದಕ್ಕೇ ಮಗುವಿನ ತುಟಿ ಸೀಳಿತು. ಅರವತ್ತು ವರ್ಷದಿಂದ, ಮೊಮ್ಮಗನಿಗೂ ತಿಳಿಯದ ಹಾಗೆ, ಅದನ್ನೇ ಹೇಳಿಕೊಂಡು ಎದೆ ಬಡಿದುಕೊಂಡವಳು. ಈಗ ಫೋಟೋ ನೋಡಿ, ಏನೂ ಆಗಿರಲೇ ಇಲ್ಲ, ನಾನೇ ತಪ್ಪು ತಿಳಿದೆ ಅಂತಿದ್ದಾಳಂತೆ.

ಹಾಗಾದರೆ ಇರಲಿ ಬಿಡಿ ದುರ್ಗಕ್ಕ ಅಂದೆ. ಸಂಕೇತನ ಮಾತು ನನ್ನ ಬಾಯಲ್ಲಿ.

“ಅವ್ವನ ಎದೆ ಹಗುರ ಆಯ್ತು. ಶೇವಂತಿ ಎಲ್ಲಿ ಹೋದ್ಳು?”

ಬುಟ್ಟಿ ಎತ್ತಿಕೊಂಡು ಹೊರಟರು. ಚಾ ಅರ್ಧ ಹಾಗೇ ಇತ್ತು.

ಜುಲೈ 4

ಗುಂಡಿ ಇಪ್ಪತ್ತೆರಡಕ್ಕೆ ನಿಲ್ಲಿಸಿದ್ದರ ಪ್ರಿಂಟ್ ತೆಗೆಸಿದೆ. ಲ್ಯಾಬಿನವ ಕೇಳಿದ, ಮೇಡಂ ಫೈಲ್ ಹಾಳಾಗಿದೆಯಾ, ತುಂಬ ಗ್ರೇನ್ ಇದೆ. ಇಲ್ಲ, ಹೀಗೇ ಇರೋದು ಅಂದೆ.

ಜುಲೈ 9

ಕೇಣಿಗೆ ಹೋಗಬೇಕಿತ್ತು. ಭಾಸ್ಕರನಿಗೆ ಜ್ವರ ಅಂತ ಹೋಗಲಿಲ್ಲ. ಜ್ವರ ತೊಂಬತ್ತೊಂಬತ್ತು. ಅವನೇ ನಕ್ಕ.

ಜುಲೈ 16

ಹೆದ್ದಾರಿಗೆ ಮಣ್ಣು ಬಿದ್ದು ಅಂಕೋಲೆ ಬಸ್ಸು ಇಲ್ಲ. ಸುದ್ದಿ ಕೇಳಿ ಮನಸ್ಸಿಗೆ ಸಮಾಧಾನವಾಯಿತು. ಎಂಥ ಹೆಂಗಸು ನಾನು.

ಜುಲೈ 17

ಮಣ್ಣು ತೆಗೆದಿದ್ದಾರೆ.

ಆಗಸ್ಟ್ 3, ಭಾನುವಾರ. ಸಂಜೆ 5.50

ಸಂಕೇತ ಫೋನ್ ಮಾಡಿದ್ದ ಮೊನ್ನೆ. ಅಜ್ಜಿಗೆ ಈಗ ಬೆಳಕು ಕತ್ತಲೆ ಗೊತ್ತಾಗುತ್ತದೆ, ಹತ್ತಿರ ಹಿಡಿದರೆ ಸ್ವಲ್ಪ ಕಾಣುತ್ತದೆ, ಅಷ್ಟೇ. ಇವತ್ತು ಹೋದೆ. ಬೋಟುಗಳು ಕಡಲಿಗೆ ಇಳಿದಿವೆ, ಕೇಣಿಯಲ್ಲಿ ಎಲ್ಲರಿಗೂ ಅವಸರ. ಸಂಕೇತ ಮನೆಯಲ್ಲಿರಲಿಲ್ಲ. ಅಜ್ಜಿ ಮತ್ತು ದುರ್ಗಕ್ಕ ಇಬ್ಬರೇ.

ದಾರಿಯಿಡೀ ಮಾತು ಜೋಡಿಸಿಕೊಂಡು ಹೋಗಿದ್ದೆ. ಸಾಫ್ಟ್‌ವೇರ್ ಹೀಗೆ, ಗ್ರೇನ್ ಹೀಗೆ ಅಂತ. ಅಜ್ಜಿಯ ಮುಂದೆ ಕೂತಾಗ ಅದೆಲ್ಲ ಬರಲಿಲ್ಲ.

“ಅಜ್ಜಿ, ಆ ಫೋಟೋದಲ್ಲಿ ತುಟಿ ಕೂಡಿಸಿದ್ದು ನಾನು” ಅಂದೆ. “ಅವರಿಗೆ ಸೀಳು ಇತ್ತು. ನಾನು ನೋಡದೆ ಮುಚ್ಚಿಬಿಟ್ಟೆ.”

ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಹೇಳಹೊರಟೆ. ಕೇಳ್ತು ಅಂತ ಕೈ ಎತ್ತಿದಳು.

ಹೊರಗೆ ಯಾರೋ ಐಸಿನ ಗಾಡಿ ಹಿಂದೆ ತೆಗೆಯುತ್ತಿದ್ದರು, ಅಜ್ಜಿ ಆ ಸದ್ದಿನ ಕಡೆ ಮುಖ ತಿರುಗಿಸಿದಳು. ಆಮೇಲೆ ಕೇಳಿದಳು —

“ಎಷ್ಟೊತ್ತು ಹಿಡೀತು ನಿಂಗೆ? ಕೂಡಿಸೂದಕ್ಕೆ?”

ಬೈಗುಳಕ್ಕೆ ತಯಾರಾಗಿದ್ದೆ. ಇದಕ್ಕಲ್ಲ. ಎರಡು ನಿಮಿಷ ಅಂದೆ. ಅದೂ ಹೆಚ್ಚೇ.

“ಎರಡು ನಿಮಿಷ” ಅಂದಳು ಅಜ್ಜಿ.

ಆಮೇಲೆ ಮೆಲ್ಲಗೆ ಹೇಳತೊಡಗಿದಳು, ನನಗೋ, ದುರ್ಗಕ್ಕನಿಗೋ, ಗೋಡೆಗೋ. ಶೇವಂತಿ ಮೂರು ತಿಂಗಳ ಕೂಸಿದ್ದಾಗ ಕಾರವಾರದ ದವಾಖಾನೆಗೆ ಒಯ್ದಿದ್ದರು. ಮಿರಜಿನ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋಗಿ, ಅಲ್ಲಿ ಹೊಲಿಯುತ್ತಾರೆ, ಗುರುತೂ ಉಳಿಯೋದಿಲ್ಲ ಅಂದಿದ್ದರು ಡಾಕ್ಟರು. ಚೀಟಿಯನ್ನೂ ಬರೆದುಕೊಟ್ಟಿದ್ದರು. ಗಂಡ ಬಂಗಡೆ ಕಾಲ ಮುಗಿಯಲಿ ಅಂದ. ಮುಗಿಯಿತು. ಮಳೆ ಹೋಗಲಿ ಅಂದರು. ಹೋಯಿತು. ಕೂಸು ನಡೆಯಿತು, ಮಾತಾಡಿತು. ಅದರ ಮಾತು ಮನೆಯವರಿಗೆ ಅರ್ಥವಾಗುತ್ತಿತ್ತು. ಎಲ್ಲರಿಗೂ ರೂಢಿಯಾಯಿತು. ಮಾಡಿನ ಸಂದಿಯಲ್ಲಿ ಸಿಕ್ಕಿಸಿದ್ದ ಚೀಟಿಯನ್ನು ಗೆದ್ದಲು ತಿಂದಿತು.

“ಗ್ರಹಣ ಅಂತ ಊರವರು ಅಂದ್ರು. ನಾನೂ ಹೌದು ಅಂದೆ. ಗ್ರಹಣದ ಮೇಲೆ ಹಾಕೂದು ಸುಲಭ ತಂಗೀ. ಗ್ರಹಣಕ್ಕೆ ಯಾರೂ ಎದುರು ಕೇಳೂದಿಲ್ಲ.”

ದುರ್ಗಕ್ಕ ಹೊಸ್ತಿಲ ಮೇಲೆ ಕೂತುಬಿಟ್ಟರು. ಅವರಿಗೂ ಇದು ಗೊತ್ತಿರಲಿಲ್ಲ. ಇಷ್ಟು ವರ್ಷದ ತಾಯಿ ಮಗಳು. ಆಮೇಲೆ ತಾಯಿಯ ಕಾಲ ಬಳಿ ಸರಿದು ಕೂತರು.

ಇನ್ನೊಂದು ಫೋಟೋ ತಂದಿದ್ದೀಯಾ ಅಂತ ಅಜ್ಜಿಯೇ ಕೇಳಿದಳು. ಬರೀ ಪ್ರಿಂಟು, ಗಾಜಿಲ್ಲ. ಬಾಗಿಲ ಬೆಳಕಿಗೆ ಹೋಗಿ ಮುಖಕ್ಕೆ ಹತ್ತಿರ ಹಿಡಿದಳು. ಎಷ್ಟು ಕಂಡಿತೋ. ಕಾಗದದ ಮೇಲೆ ಬೆರಳು ಇಟ್ಟು ಹುಡುಕಿದಳು. ಬೆರಳು ತುಟಿಯ ಮೇಲೆ ಬಂದಾಗ ದುರ್ಗಕ್ಕ ಹಿಡಿದು ಅಲ್ಲೇ ನಿಲ್ಲಿಸಿದರು.

“ನಗ್ತಾ ಅದಾಳಾ?”

“ಹೌದವ್ವ. ನಾನು ಬಿದ್ದದ್ದು ನೋಡಿ.”

“ಬಾಯಿ ಮುಚ್ಕಂಡಿಲ್ಲಾ?”

“ಇಲ್ಲ.”

ಅಜ್ಜಿ ಆ ಕಾಗದವನ್ನು ಎದೆಗೆ ಒತ್ತಿಕೊಳ್ಳಲಿಲ್ಲ, ಅಳಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಕೂತಳು. ಅಂಚು ಮಡಚದ ಹಾಗೆ ಎರಡೂ ಕೈಯಲ್ಲಿ ಹಿಡಿದು.

ಹೊರಡುವಾಗ ಗೋಡೆಯ ಮೇಲಿನದನ್ನು ಇಳಿಸು ಅಂದಳು ಮಗಳಿಗೆ. ದುರ್ಗಕ್ಕ ಇಳಿಸಿ ಗಾಜು ಒರೆಸಿ ಕೊಟ್ಟರು. ಅಜ್ಜಿ ಅದನ್ನು ನನ್ನ ಕಡೆ ಚಾಚಿದಳು. ಸಿಟ್ಟು ಇರಲಿಲ್ಲ ದನಿಯಲ್ಲಿ. ನೆಂಟರ ಮನೆಯ ಹುಡುಗಿಯನ್ನು ಕಳಿಸಿಕೊಡುವ ಹಾಗೆ ಇತ್ತು.

“ಇವಳನ್ನ ನೀನೇ ಕರ್ಕಂಡು ಹೋಗು. ನಮ್ಮನೇಲಿ ಇವಳಿಗೆ ಯಾರೂ ಗುರುತಿಲ್ಲ.”

ಆಗಸ್ಟ್ 5, ಮಂಗಳವಾರ. ಬೆಳಿಗ್ಗೆ 7.10

ಎರಡು ದಿನದಿಂದ ಟೇಬಲ್ಲಿನ ಪಕ್ಕ ಗೋಡೆಗೆ ಒರಗಿಸಿ ಇಟ್ಟಿದ್ದೇನೆ. ಎಸೆಯೋದಕ್ಕೆ ಆಗೋದಿಲ್ಲ. ತೂಗುಹಾಕೋದಕ್ಕೂ ಆಗೋದಿಲ್ಲ. ಫ್ರೇಮಿನಿಂದ ಬಿಡಿಸೋಣ ಅಂತ ಹಿಂದಿನ ಮೊಳೆ ತೆಗೆದೆ, ಮತ್ತೆ ಹಾಕಿದೆ. ಯಾವ ಕಡೆ ಕೂತರೂ ನೋಡುತ್ತಿರುತ್ತಾಳೆ, ಅಚ್ಚುಕಟ್ಟಾದ ತುಟಿ, ಅಚ್ಚುಕಟ್ಟಾದ ಮುಗುಳ್ನಗೆ. ಯಾರನ್ನು ನೋಡಿ ನಗುತ್ತಾಳೋ ಅವಳಿಗೇ ಗೊತ್ತಿಲ್ಲ.

ದುರ್ಗಕ್ಕ ನಿನ್ನೆ ಫೋನ್ ಮಾಡಿದ್ದರು. ಅಜ್ಜಿ ಪ್ರಿಂಟನ್ನು ಗೋಡೆಗೆ ಹಾಕಲು ಬಿಡುತ್ತಿಲ್ಲವಂತೆ, ದಿಂಬಿನ ಹತ್ತಿರ ಬೇಕಂತೆ. ರಾತ್ರಿಯ ಊಟ ಬಿಟ್ಟಿದ್ದಾಳಂತೆ. ನನ್ನಿಂದಲೇ ಅಂತ ಅವರು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ.

ಪಕ್ಕದ ಮನೆ ನಂದಿನಿ ಈಗಷ್ಟೇ ಮೊಸರು ಕೇಳೋದಕ್ಕೆ ಬಂದಿದ್ದಳು. ಫೋಟೋ ನೋಡಿ ನಿಂತಳು. ಎಷ್ಟು ಚೆಂದ ಇದ್ದಾಳೆ, ಯಾರಿವಳು, ನಿಮ್ಮ ಪೈಕಿಯವರಾ ಅಂದಳು. ನಾನು ಮೊಸರಿನ ಪಾತ್ರೆ ಹಿಡಿದುಕೊಂಡೇ ನಿಂತಿದ್ದೆ. ಕೊನೆಗೆ ಅಂದೆ, ಇವಳು ಯಾರೂ ಅಲ್ಲ ನಂದಿನಿ, ನಾನೇ ಮಾಡಿದ್ದು.